ಕೂಡಿಸಿದ ಮೂರಡಿ

ಬೆಳಕಿನ ಮೊದಲ ಗೆರೆ ಇನ್ನೂ ಕ್ಷಿತಿಜವನ್ನು ಮುಟ್ಟಿರಲಿಲ್ಲ; ಕಡಲು ಮಾತ್ರ ಆಗಲೇ ಎಚ್ಚೆತ್ತು ಕನಲುತ್ತಿತ್ತು. ಎಷ್ಟೋ ಸಾವಿರ ಹರದಾರಿಗಳಾಚೆ, ಮನುಷ್ಯನ ಕಣ್ಣಿಗೆ ನಿಲುಕದ ಜಲವಿಸ್ತಾರದಲ್ಲಿ, ಯಾವುದೋ ಬಿರುಗಾಳಿ ಯಾರ ಮೇಲೋ ಕಾರಿದ ರೋಷವನ್ನು ಹಗಲಿರುಳೂ ಹೊತ್ತು ತಂದ ನೀಲತರಂಗಗಳು, ಒಂದರ ಬೆನ್ನಿಗೊಂದು ಅಂತರ ತಪ್ಪದೆ ಬಂದು, ದಡದ ಸಮೀಪದಲ್ಲಿ ತಲೆಯೆತ್ತಿ, ಒಂದು ಕ್ಷಣ ಗಾಜಿನ ಗೋಡೆಯಂತೆ ನಿಂತು, ಮರುಕ್ಷಣವೇ ಶ್ವೇತಫೇನವಾಗಿ ಸಿಡಿದು ಬೀಳುತ್ತಿದ್ದವು. ನೆಲದಿಂದ ಕಡಲಿಗೆ ಬೀಸುತ್ತಿದ್ದ ಬೆಳಗಿನ ಗಾಳಿ ಪ್ರತಿ ಅಲೆಯ ನೆತ್ತಿಯಿಂದ ಒಂದೊಂದು ಹಿಡಿ ತುಂತುರನ್ನು ಕಿತ್ತು ಹಿಂದಕ್ಕೆಸೆಯುತ್ತಿತ್ತು. ಮುಗಿಲು ಕಾಯಿಸಿದ ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು... ವಾಚಕ ಮಹಾಶಯರೇ, ಸಮುದ್ರವನ್ನು ಶಾಂತಿಯ ಪ್ರತಿಮೆಯೆಂದು ವರ್ಣಿಸುವವರು ಅದನ್ನು ದೂರದ ಕಿಟಕಿಯಿಂದ ನೋಡಿದವರು! ಅದರ ಮಗ್ಗುಲಲ್ಲಿ ಬದುಕಿದವರು ಬೆಳಿಗ್ಗೆ ಎದ್ದೊಡನೆ ಕೇಳುವ ಪ್ರಶ್ನೆ ಒಂದೇ: ಇವತ್ತು ಅದರ ಸಿಟ್ಟು ಎಷ್ಟು ಅಡಿ?

ಆ ಊರಿಗೆ ಮೂರು ದಂಡೆಗಳು. ಉತ್ತರಕ್ಕೆ ಮರಳುದಂಡೆ, ತಳವೆಲ್ಲ ನುಣುಪು ಮರಳಾದ್ದರಿಂದ ಅಲ್ಲಿ ಅಲೆಗಳು ಹಾಸಿಗೆಯ ಮೇಲೆ ಉರುಳುವ ಮಗುವಿನಂತೆ ಉರುಳಿ ಸಾಯುತ್ತವೆ. ನಡುವೆ ನಡುದಂಡೆ, ಕಲಿತವರಿಗೆ ತಕ್ಕದ್ದು. ದಕ್ಷಿಣಕ್ಕೆ, ಒಂದು ಗುಡ್ಡದ ಮರೆಯಲ್ಲಿ, ಊರಿನಿಂದ ಮುಕ್ಕಾಲು ಗಂಟೆಯ ನಡಿಗೆಯಲ್ಲಿ, ಬಂಡೆದಂಡೆ. ಅಲ್ಲಿ ನೀರಿನ ಕೆಳಗೆ ಕಪ್ಪು ಬಂಡೆಗಳ ಹಾಸು. ಅಲೆ ಅಲ್ಲಿ ನೇರ ನಿಂತು, ನೂರಾರು ಗಜ ಮುರಿಯುತ್ತ ಸಾಗುತ್ತದೆ. ಅದರ ಮೈಮೇಲೆ ನಿಂತವನಿಗೆ ಕಾಲ ನಿಂತುಹೋಗುತ್ತದಂತೆ, ಬಿದ್ದವನಿಗೂ ಹಾಗೆಯೇ. ಸರ್ಫಿಂಗ್‌ಗೆಂದು ಬೋರ್ಡು ಹೊತ್ತು, ಅದರ ಮೇಲೆ ನಿಂತು ಅಲೆಯೇರಲು ದೇಶದೇಶಗಳಿಂದ ಬರುವವರಿಗೆ ಯಾವ ದಂಡೆಗೆ ಹೋಗಬೇಕೆಂಬುದು ಅಭಿರುಚಿಯ ಪ್ರಶ್ನೆಯೆಂದು ಮೊದಲ ದಿನ ತೋರುತ್ತದೆ. ಎರಡನೆಯ ದಿನಕ್ಕೆ ಅದು ಮೂಳೆಯ ಪ್ರಶ್ನೆಯಾಗುತ್ತದೆ.

ಆದ್ದರಿಂದಲೇ ಊರಿನ ನಾಲ್ಕು ದಾರಿ ಸೇರುವಲ್ಲಿ ಒಂದು ಕರಿಹಲಗೆ. ಪ್ರತಿದಿನ ಸೂರ್ಯೋದಯಕ್ಕೆ ಅದರ ಮೇಲೆ ಮೂರು ಅಂಕಿಗಳು ಬೀಳುತ್ತಿದ್ದವು. ಬರೆಯುವಾತ ಅಳತೆಗಾರ. ಊರಿನವರ ಬಾಯಲ್ಲಿ ಅವನು ‘ಕೋಲುಮೇಷ್ಟ್ರು’. ಪಾಠ ಹೇಳಿದವನಲ್ಲ, ಪ್ರತಿ ದಂಡೆಯಲ್ಲೂ ಅಡಿಯಡಿಗೆ ಕೆಂಪು ಬಿಳಿ ಪಟ್ಟೆ ಬಳಿದ ಕಬ್ಬಿಣದ ಕಂಬವೊಂದನ್ನು ನೆಟ್ಟು, ಅದರೆದುರು ಗಡಿಯಾರ ಹಿಡಿದು ನಿಂತು, ಮೂವತ್ತು ಅಲೆಗಳನ್ನು ಅಳೆದು, ಅವುಗಳಲ್ಲಿ ದೊಡ್ಡವು ಹತ್ತನ್ನು ಆರಿಸಿ, ಆ ಹತ್ತರ ಸರಾಸರಿಯನ್ನೇ ಬರೆಯುವವನೆಂದು ಆ ಹೆಸರು. ನಲವತ್ತೊಂದು ವರ್ಷದ ಮಿತಭಾಷಿ. ಕಾಣದ್ದನ್ನು ಬರೆಯಲಾರ, ಬರೆದದ್ದನ್ನು ಅಳಿಸಲಾರ ಎಂದು ಅವನ ಖ್ಯಾತಿ.

ಕರಿಹಲಗೆಯ ಮುಂದೆ ಆ ಬೆಳಿಗ್ಗೆ ಮೊದಲು ಬಂದು ನಿಂತವಳು ಸರ್ಫಿಂಗ್ ಬೋರ್ಡುಗಳ ರಿಪೇರಿಯವಳು. ಮೂವತ್ತಾರರ ಪ್ರಾಯ, ಎಡಭುಜದ ಮೂಳೆಯೊಳಗೆ ಒಂದು ಉಕ್ಕಿನ ಪಟ್ಟಿ. ಎರಡು ವರ್ಷಗಳ ಹಿಂದಿನವರೆಗೆ ಬಂಡೆದಂಡೆಯ ಅಲೆಯನ್ನು ಅವಳಂತೆ ಏರಬಲ್ಲವರು ಆ ತೀರದಲ್ಲಿ ಇರಲಿಲ್ಲ. ಒಂದು ದಿನ ಬಿದ್ದಳು, ಭುಜ ಮುರಿಯಿತು. ಅಂದಿನಿಂದ ಇಂದಿನವರೆಗೆ ತನ್ನ ಹಳೆಯ ಅಂಗಡಿಯಲ್ಲಿ ಅನ್ಯರ ಬೋರ್ಡುಗಳ ಗಾಯಗಳನ್ನು ತೊಳೆದು, ಗಾಜಿನೆಳೆಯ ಬಟ್ಟೆ ಹೊದಿಸಿ, ಅಂಟು ಸುರಿದು, ಉಜ್ಜಿ ನುಣುಪು ಮಾಡಿ, ಅವರ ಸಾಹಸಕಥೆಗಳನ್ನು ಕಿವಿಯಾರೆ ಕೇಳಿ ಕಳುಹಿಸುವುದೇ ಅವಳ ಕಾಯಕವಾಗಿತ್ತು. ಭುಜ ಈಗ ಕೂಡಿದೆ. ಮೂಳೆಯ ಡಾಕ್ಟರು ಆರಡಿಯವರೆಗೆ ಅಡ್ಡಿಯಿಲ್ಲ ಎಂದಿದ್ದಾರೆ. ಆದರೆ ಕಾಲ? ಈ ಋತು ಮುಗಿದೊಡನೆ ಬಂಡೆದಂಡೆಗೆ ಅಡ್ಡಲಾಗಿ ಕಲ್ಲಿನ ತಡೆಗೋಡೆ ಏಳಲಿತ್ತು. ಗುಡ್ಡದ ಬುಡದಲ್ಲಿ ಬಂಡೆ ಹೊತ್ತ ಲಾರಿಗಳು ಆಗಲೇ ಸಾಲುಗಟ್ಟಿದ್ದವು. ಗೋಡೆ ಎದ್ದ ಮೇಲೆ ಆ ಅಲೆ ಇರುವುದಿಲ್ಲ. ತಾನು ಇನ್ನೂ ತಾನೇ ಹೌದೋ ಅಲ್ಲವೋ ಎಂದು ಅವಳು ಕೇಳಬೇಕಾದದ್ದು ಆ ಒಂದು ಅಲೆಯನ್ನೇ. ಬೇರಾವುದೂ ಅದಕ್ಕೆ ಉತ್ತರ ಹೇಳಲಾರದು!

ಹದಿನೇಳು ದಿನಗಳ ಹಿಂದೆ ಅವಳೇ ಅವನಿಗೆ ಹೇಳಿದ್ದಳು: “ಆರು, ಇಲ್ಲಾ ಅದಕ್ಕಿಂತ ಕಮ್ಮಿ ಬಿದ್ದ ದಿನ ನಾನು ಬಂಡೆದಂಡೆಗೆ ಇಳೀತೀನಿ, ಮೇಷ್ಟ್ರೇ. ಅಲ್ಲಿವರೆಗೂ ಇಲ್ಲ. ನನ್ನ ಕಣ್ಣು ಆಸೆಗೆ ಬಿದ್ದು ಸುಳ್ಳು ಹೇಳಬಹುದು. ನಿಮ್ಮ ಅಂಕಿ ಹೇಳೋದಿಲ್ಲ.”

ಅಂದಿನಿಂದ ಅಂಕಿ ಆರಕ್ಕೆ ಇಳಿದಿರಲಿಲ್ಲ. ಎಂಟು, ಏಳೂವರೆ, ಒಂಬತ್ತು, ಎಂಟೂವರೆ... ಇಂದೂ ಮರಳುದಂಡೆ ಎರಡು, ನಡುದಂಡೆ ಐದು, ಬಂಡೆದಂಡೆ ಎಂಟು.

ಪ್ರತಿದಿನ ಒಂಬತ್ತರ ಸುಮಾರಿಗೆ ಅವನು ಅವಳ ಅಂಗಡಿಯ ಬಾಗಿಲಿಗೆ ಬರುತ್ತಿದ್ದ. ತಗಡಿನ ಸೂರು, ಕುದುರೆಕಾಲೆಂಬ ಎರಡು ಮರದ ಆಸರೆಗಳ ಮೇಲೆ ಮಲಗಿಸಿದ ಬೋರ್ಡು, ನೆಲದ ಮೇಲೆ ತೊಟ್ಟಿಕ್ಕಿ ಗಟ್ಟಿಯಾದ ಅಂಟಿನ ಹೊಂಬಣ್ಣದ ಹನಿಗಳು, ಮಂಜಿನಂತೆ ಎಲ್ಲೆಡೆ ಕೂತ ಬಿಳಿಯ ಪುಡಿ. ಆ ಶುಭ್ರಧೂಳಿಯ ನಡುವೆ, ಮೂಗಿನ ಬಟ್ಟೆಯನ್ನು ಕತ್ತಿಗಿಳಿಸಿ ಅವಳು ತಲೆಯೆತ್ತುತ್ತಿದ್ದಳು. ಕರಿಹಲಗೆಯನ್ನು ಓದಿದ್ದವಳೇ ಆದರೂ ಕೇಳುತ್ತಿದ್ದಳು: “ಇವತ್ತೆಷ್ಟು?” ಬರೆದು ಬಂದವನೇ ಆದರೂ ಅವನು ಹೇಳುತ್ತಿದ್ದ. ಮೂರು ವರ್ಷಗಳಿಂದ ನಡೆದುಬಂದ ಅವರ ಅನುರಾಗದ ಸಂಭಾಷಣೆಯೆಲ್ಲ ಈ ಒಂದು ಪ್ರಶ್ನೆ, ಈ ಒಂದು ಉತ್ತರ! ಪ್ರೇಮಿಗಳು ಚಂದ್ರನನ್ನೂ ಮಲ್ಲಿಗೆಯನ್ನೂ ಸಾಕ್ಷಿಗೆ ಕರೆಯುತ್ತಾರೆ. ಇವರು ಅಡಿಗಳನ್ನು ಕರೆದಿದ್ದರು.

“ಬಂಡೆದಂಡೆ ಎಂಟು,” ಎಂದ ಅವನು ಅಂದೂ.

“ಹಾಗಾದ್ರೆ ಇವತ್ತೂ ಇಲ್ಲ.”

“ಇಲ್ಲ.”

ಬಾಗಿಲ ಚೌಕಟ್ಟನ್ನು ಬೆರಳಿನಿಂದ ಸವರಿ, ಅವನು ಹೊರಟುಹೋದ. ಅವನ ಬೆನ್ನನ್ನು ಅವಳು ನೋಡುತ್ತ ನಿಂತಳು. ಅವಳ ಕಣ್ಣುಗಳಲ್ಲಿ ಆ ಕ್ಷಣ ಇದ್ದ ನಂಬಿಕೆ ಮಳೆ ನಿಂತ ಮೇಲಿನ ಆಕಾಶದಷ್ಟು ನಿರ್ಮಲ... ಮುಂದಿನ ಮೂರು ಗಂಟೆಗಳಲ್ಲಿ ಆ ಆಕಾಶ ಒಡೆಯಿತು.

ಮಧ್ಯಾಹ್ನಕ್ಕೆ ಗುಂಗುರು ಬಂದ. ಗುಂಗುರು ಕೂದಲಿನಿಂದ ಆ ಹೆಸರು ಪಡೆದ, ಎಲ್ಲ ದಂಡೆಗಳಲ್ಲೂ ಬೀಳುವುದನ್ನೇ ಕಲೆಯಾಗಿಸಿಕೊಂಡ ಯುವಕ. ಹಣೆಯ ಮೇಲೆ ಹೊಸ ಪಟ್ಟಿ. ಬಗಲಲ್ಲಿ ಅರ್ಧ ಬೋರ್ಡು. ಇನ್ನೊಂದು ಬಗಲಲ್ಲಿ ಇನ್ನರ್ಧ.

“ಅಯ್ಯೋ, ಏನಿದು?”

“ಐದು ಹೊಲಿಗೆ, ಅಕ್ಕ. ನನಗೆ. ಇದಕ್ಕೆ ನೀವು ಎಷ್ಟು ಹಾಕ್ತೀರೋ ನೋಡಿ.”

“ಬಂಡೆದಂಡೆಯಾ?”

“ಹ್ಞೂಂ. ಎಂಟು ಅಂತ ಬರೆದಿದ್ರಲ್ಲ, ಎಂಟು ತಡ್ಕೋಬಹುದು ಅಂತ ಹೋದೆ. ಅದು ಎದುರಿಗೆ ಎದ್ದಾಗ ನಮ್ಮ ಮನೆ ಮಹಡಿ ಕಾಣಿಸ್ತು. ಹೆದರಿದ್ರೆ ಎಂಟೂ ಎಂಬತ್ತಾಗುತ್ತೆ ಅಂತ ನಮ್ಮಪ್ಪ ಬೈದ್ರು.”

ಅವಳು ನಗಲಿಲ್ಲ. ಎರಡು ತುಂಡುಗಳನ್ನೂ ಕುದುರೆಕಾಲಿನ ಮೇಲಿಟ್ಟು, ಮುರಿದ ಅಂಚಿನ ಮೇಲೆ ಹೆಬ್ಬೆರಳನ್ನು ನಿಧಾನವಾಗಿ ಎಳೆದಳು. ಮೇಲ್ಮೈಯೂ ತಳವೂ ಒಟ್ಟಿಗೆ ಒಳಕ್ಕೆ ಕುಸಿದಿದ್ದವು. ನಡುವಿನ ಮರದ ಎಲುಬು ಒಂದೇ ಏಟಿಗೆ ಕತ್ತರಿಸಿಹೋಗಿತ್ತು. ಈ ದಪ್ಪದ ಬೋರ್ಡನ್ನು ಎಂಟಡಿಯ ಅಲೆ ಹೀಗೆ ಮುರಿಯುವುದಿಲ್ಲ. ಹನ್ನೊಂದಕ್ಕೆ ಕಡಿಮೆಯಿಲ್ಲ. ಮನುಷ್ಯರು ತಮ್ಮ ಗಾಯಗಳ ಬಗ್ಗೆ ಹೆಚ್ಚೋ ಕಡಿಮೆಯೋ ಹೇಳುತ್ತಾರೆ, ಬೋರ್ಡು ಹೇಳುವುದಿಲ್ಲ.

ಅವಳ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ರಿಪೇರಿಗೆ ಬಂದ ಪ್ರತಿ ಬೋರ್ಡಿಗೂ ಒಂದು ಚೀಟಿ: ದಿನ, ದಂಡೆ, ಅಂದು ಕರಿಹಲಗೆಯಲ್ಲಿ ಇದ್ದ ಅಂಕಿ, ಗಾಯದ ವಿವರ. ಕೆಲಸ ಮುಗಿದ ಮೇಲೂ ಆ ಚೀಟಿಗಳು ಗೋಡೆಯ ತಂತಿಯ ಮೇಲೆ ಪೋಣಿಸಿಕೊಂಡು ಇರುತ್ತಿದ್ದವು. ಗುಂಗುರುವನ್ನು ಕಳುಹಿಸಿ, ಅವಳು ತಂತಿಯನ್ನು ಬಿಚ್ಚಿ, ಚೀಟಿಗಳನ್ನು ದಿನವಾರು ನೆಲದ ಮೇಲೆ ಹರಡಿದಳು. ಒಂದು ಸಾಲಿನಲ್ಲಿ ನಡುದಂಡೆ. ಕೆಳಗಿನ ಸಾಲಿನಲ್ಲಿ ಬಂಡೆದಂಡೆ.

ಮೊದಲಿನ ವಾರಗಳಲ್ಲಿ ಎರಡರ ಅಂತರ ಸಹಜವಾಗಿ ಕುಣಿಯುತ್ತಿತ್ತು: ಒಂದು ದಿನ ನಾಲ್ಕು, ಒಂದು ದಿನ ಒಂದೂವರೆ, ಒಂದು ದಿನ ಏನೂ ಇಲ್ಲ. ಅಲೆಯ ದಿಕ್ಕು ಒಂದಿಷ್ಟು ವಾಲಿದರೆ ಸಾಕು, ಒಂದು ದಂಡೆ ಉಬ್ಬುತ್ತದೆ, ಇನ್ನೊಂದು ಸೊರಗುತ್ತದೆ. ಆಮೇಲೆ? ಐದಕ್ಕೆ ಎಂಟು. ನಾಲ್ಕೂವರೆಗೆ ಏಳೂವರೆ. ಆರಕ್ಕೆ ಒಂಬತ್ತು. ಐದೂವರೆಗೆ ಎಂಟೂವರೆ... ಹದಿನೇಳು ದಿನ, ಒಂದು ದಿನವೂ ತಪ್ಪದೆ, ಅಂತರ ಮೂರು!

ಕಡಲು ಕೂಡುವ ಲೆಕ್ಕ ಮಾಡುವುದಿಲ್ಲ. ಮನುಷ್ಯ ಮಾಡುತ್ತಾನೆ.

ಆ ಹದಿನೇಳರ ಮೊದಲನೆಯ ದಿನ ಯಾವುದೆಂದು ಅವಳು ನೋಡಿದಳು. ತಾನು ಅವನಿಗೆ ಆರಡಿಯ ಮಾತು ಹೇಳಿದ ದಿನದ ಮರುದಿನ. ಅವಳ ಮೈಯ ರಕ್ತವೆಲ್ಲ ಒಂದೇ ಉಸಿರಿಗೆ ಕೆನ್ನೆಗೇರಿತು. ಗ್ರೀಷ್ಮದ ನಡುಹಗಲಿನಲ್ಲಿ ಒಣಹುಲ್ಲಿನ ಬಯಲಿಗೆ ಬೆಂಕಿ ತಗುಲಿದಂತೆ, ಮೂರು ವರ್ಷಗಳ ಒಂದೊಂದು ಬೆಳಿಗ್ಗೆಯೂ ಸಾಲಾಗಿ ಹೊತ್ತಿಕೊಂಡಿತು... ಒಂಬತ್ತು ಎಂದು ಬರೆದ ದಿನ ಬಂದ ಬೋರ್ಡುಗಳ ಮೇಲೆ ಉಗುರಿನಷ್ಟೇ ಗಾಯವಿದ್ದುದು ಅವಳಿಗೆ ಈಗ ಅರ್ಥವಾಯಿತು. ಅಂಥ ದಿನಗಳು ನಾಲ್ಕು, ಬಹುಶಃ ಐದು. ಅವು ಅವಳ ದಿನಗಳಾಗಿದ್ದವು. ಆ ದಿನ ಅಲೆ ಏರಿದವರು ಯಾರೂ ದೂರಲಿಲ್ಲವೇಕೆ? ಆರಡಿಯನ್ನು ಏರಿದವನಿಗೆ ಒಂಬತ್ತಡಿಯ ಕೀರ್ತಿ ಪುಕ್ಕಟೆ ಸಿಕ್ಕರೆ ಅದನ್ನು ತಿದ್ದಿಸಲು ಹೋಗುವಷ್ಟು ಸತ್ಯಸಂಧ ಆ ತೀರದಲ್ಲಿ ಇನ್ನೂ ಹುಟ್ಟಿರಲಿಲ್ಲ!

ಕೈಯ ಪುಡಿಯನ್ನು ಒರೆಸದೆ ಅವಳು ಹೊರಟಳು.

ಅವನ ಕೋಣೆ ನಡುದಂಡೆಯ ಮೇಲೆ, ನಾಲ್ಕು ಕಂಬಗಳ ಮೇಲೆ ನಿಂತ ಮರದ ಗೂಡು. ಹನ್ನೊಂದು ಮೆಟ್ಟಿಲು, ಒಂದು ಮೇಜು, ಮೊಳೆಗೆ ನೇತುಹಾಕಿದ ಗಡಿಯಾರ, ಪಟ್ಟಿ ಕಿತ್ತು ದಾರದಿಂದ ಕಟ್ಟಿದ ದುರ್ಬೀನು. ಅವಳು ಮೆಟ್ಟಿಲೇರಿದ ಸದ್ದಿಗೇ ಅವನು ಎದ್ದು ನಿಂತ. ಮುಖ ನೋಡಿದೊಡನೆ ಎಲ್ಲವೂ ತಿಳಿದಿರಬೇಕು.

“ಬಂಡೆದಂಡೆಯ ಕಂಬ ನೀವು ಕೊನೇ ಸಲ ನೋಡಿದ್ದು ಯಾವತ್ತು?”

“ಹದಿನೇಳು ದಿನ ಆಯ್ತು.”

ಕೇಳಿದ್ದಕ್ಕೆ ಅವನು ಸುಳ್ಳು ಹೇಳಲಿಲ್ಲ. ಮೊದಲ ದಿನವೇ ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದನೇನೋ. ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಅವನ ಖ್ಯಾತಿಯೇ ಅವನ ಸುಳ್ಳಿಗೆ ಬಾಗಿಲು ಕಾದಿತ್ತು.

“ಮತ್ತೆ ಆ ಎಂಟು, ಆ ಒಂಬತ್ತು? ಎಲ್ಲಿಂದ ಬಂದ್ವು?”

“ನಡುದಂಡೆಗೆ ಮೂರು ಕೂಡಿಸಿದೆ.”

“ಮೂರೇ ಯಾಕೆ?”

“ಈ ತಿಂಗಳಲ್ಲಿ ನಡುದಂಡೆ ಮೂರೂವರೆಗಿಂತ ಕೆಳಗೆ ಇಳಿಯೋದಿಲ್ಲ. ಮೂರು ಕೂಡಿಸಿದ್ರೆ...” ಅವನು ನೆಲ ನೋಡಿದ. “ಆರು ಬರೋದೇ ಇಲ್ಲ.”

“ಭೇಷ್! ಎಷ್ಟು ಅಚ್ಚುಕಟ್ಟು!” ಅವಳ ದನಿ ಸೂರಿಗೆ ಬಡಿಯಿತು. “ನನ್ನ ಅಂಗಡಿ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡಿ ಎಂಟು ಅಂದ್ಯಲ್ಲ, ನಾಲಿಗೆ ಹೇಗೆ ತಿರುಗಿತು ನಿನಗೆ?”

ಅವನು ತಡೆದು ತಡೆದು ನುಡಿದ. “ನೋಡಿದ ಅಂಕಿಯನ್ನ ತಿದ್ದೋಕೆ ನನ್ನ ಕೈ ಬರಲಿಲ್ಲ. ಅದಕ್ಕೆ ನೋಡೋಕೇ ಹೋಗಲಿಲ್ಲ. ಎರಡು ವರ್ಷದ ಹಿಂದೆ ನೀವು ಬಿದ್ದ ದಿನ ನಾನು ಏಳು ಅಂತ ಬರೆದಿದ್ದೆ. ಸರಿಯಾಗಿ ಏಳೇ ಇತ್ತು. ಬಂಡೆ ಮೇಲಿಂದ ನಿಮ್ಮನ್ನ ಎತ್ತಿ ತಂದವನೂ ನಾನೇ. ದಾರಿಯುದ್ದಕ್ಕೂ ಒಂದೇ ಯೋಚನೆ. ನಾನು ತಪ್ಪಾಗಿ ಬರೆದಿದ್ರೆ ನೀವು ಮನೆಯಲ್ಲೇ ಇರ್ತಿದ್ರಿ. ಸರಿಯಾದ ಅಂಕಿಯೇ ನಿಮ್ಮನ್ನ ಅಲ್ಲಿಗೆ ಕಳಿಸಿತು.”

ಇಂಥ ಮಾತಿಗೆ ಕರಗುವ ಹೃದಯಗಳುಂಟು, ವಾಚಕರೇ. ಅವಳ ಹೃದಯ ಕರಗುವುದರ ಬದಲು ಕುದಿಯಿತು.

“ಅವತ್ತು ನಾನು ಬಿದ್ದದ್ದು ನಿನ್ನ ಅಂಕಿಯಿಂದಲ್ಲ! ಕಾಲು ಒಂದು ಗೇಣು ಹಿಂದೆ ಇಟ್ಟೆ, ಅದಕ್ಕೆ ಬಿದ್ದೆ. ಆ ತಪ್ಪು ನನ್ನದು. ನನ್ನದು ಅಂತ ಹೇಳ್ಕೊಳ್ಳೋಕೆ ಉಳಿದಿರೋದು ಅದೊಂದು. ಅದನ್ನೂ ಕಿತ್ಕೊಂಡ್ಯಾ? ಗುಂಗುರು ಹಣೆಗೆ ಐದು ಹೊಲಿಗೆ. ಇವತ್ತು ಅಲ್ಲಿ ಎಷ್ಟಡಿ ಇತ್ತು ನಿನಗೆ ಗೊತ್ತಾ? ಗೊತ್ತಿಲ್ಲ! ಬೋರ್ಡಿಗೆ ಗೊತ್ತು. ಹನ್ನೊಂದು. ಆ ಹುಡುಗ ಹೆಣವಾಗಿ ಬಂದಿದ್ರೆ ಅದಕ್ಕೂ ಮೂರು ಕೂಡಿಸ್ತಿದ್ಯಾ?”

ಅವನ ಮುಖದ ಬಣ್ಣ ಇಳಿಯಿತು. ಗುಂಗುರುವಿನ ಸಂಗತಿ ಅವನಿಗೆ ಅದುವರೆಗೆ ಗೊತ್ತಿರಲಿಲ್ಲ. ಅಳೆಯದೆ ಬರೆದ ಅಂಕಿ ಹೆಚ್ಚಿನ ಕಡೆಗೇ ತಪ್ಪುತ್ತದೆಂದು ಯಾವ ಗಣಿತ ಅವನಿಗೆ ಹೇಳಿತ್ತು? ಭಯದಲ್ಲಿ ಅವನು ಒಂದು ಮಗ್ಗುಲನ್ನು ಮಾತ್ರ ನೋಡಿದ್ದ.

“ನಾನು ನಿಮ್ಮನ್ನ...” ಎಂದು ಮೊದಲು ಮಾಡಿದ.

“ಹೇಳಬೇಡ! ಮೂರು ವರ್ಷ ಕಾದಿದ್ದೀನಿ ಆ ಮಾತಿಗೆ. ಇವತ್ತು ಹೇಳಬೇಡ. ಸುಳ್ಳಿನ ಮೇಲೆ ಹೊದೆಸೋಕೆ ಅದನ್ನ ತರಬೇಡ.”

ಅವಳು ಹನ್ನೊಂದು ಮೆಟ್ಟಿಲುಗಳನ್ನೂ ಇಳಿದು ಹೋದಳು, ಹಿಂದಿರುಗಿ ನೋಡಲಿಲ್ಲ. ಅವನು ಸೋತ ಕೈಗಳಿಂದ ಮೇಜಿನ ಅಂಚನ್ನು ಹಿಡಿದು, ಸೂರ್ಯನು ನಡುದಂಡೆಯ ಕಂಬದ ಹಿಂದೆ ಇಳಿಯುವವರೆಗೆ ನಿಂತೇ ಇದ್ದನು.

ಅವಳ ಅಕ್ಕ ಆರು ಕೋಣೆಗಳ ವಸತಿಗೃಹವೊಂದರ ಒಡತಿ. ಸಂಜೆ, ಮಹಡಿಯ ಮೇಲೆ ಒಣಗಿದ ಬಿಳಿಯ ಹೊದಿಕೆಗಳನ್ನು ಒಂದೊಂದಾಗಿ ಎಳೆದು ಮಡಿಸುತ್ತಿದ್ದಾಗ ತಂಗಿ ಬಂದು, ಎದುರು ತುದಿ ಹಿಡಿದು, ಎಲ್ಲವನ್ನೂ ಹೇಳಿದಳು. ಹೊದಿಕೆಗಳು ಆ ದಿನ ಬಹಳ ಜೋರಾಗಿ ಕೊಡವಲ್ಪಟ್ಟವು.

“ಕೋಲುಮೇಷ್ಟ್ರು ಸುಳ್ಳು ಹೇಳಿದ್ರಾ!” ಅಕ್ಕ ಬೆರಗಾದಳು. “ಬಾಯಿ ಬಿಟ್ಟು ಒಂದು ಲೋಟ ನೀರು ಕೇಳೋಕೆ ಬರಲ್ಲ ಆ ಮನುಷ್ಯನಿಗೆ. ಸುಳ್ಳು ಯಾವಾಗ ಕಲಿತ್ರು?”

“ನಗಬೇಡ ಅಕ್ಕ.”

“ನಗ್ತಾ ಇಲ್ಲ ಕಣೇ. ನೀನು ಆ ಬಂಡೆಗಳ ಕಡೆ ಹೋಗೋದು ನನಗೂ ಬೇಡ. ಆರು ತಿಂಗಳು ನಿನ್ನ ತಲೆ ಬಾಚಿದವಳು ನಾನು. ಆದ್ರೆ ನಾನಾಗಿದ್ರೆ ನಿನ್ನ ಬೋರ್ಡನ್ನ ಗರಗಸದಲ್ಲಿ ಎರಡು ತುಂಡು ಮಾಡ್ತಿದ್ದೆ. ನಿನ್ನ ಎದುರಿಗೇ. ನೀನು ನನ್ನ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ಇವರು ಜಗಳಕ್ಕೂ ಜಾಗ ಇಡಲಿಲ್ಲ ನೋಡು.” ಹೊದಿಕೆಯ ಅಂಚಿಗೆ ಅಂಚು ಕೂಡಿಸಿ, ಅಕ್ಕ ದನಿ ತಗ್ಗಿಸಿದಳು. “ರೇಡಿಯೋದಲ್ಲಿ ಹೇಳಿದ್ರು. ನಾಡಿದ್ದಿನಿಂದ ಗಾಳಿ ತಿರುಗುತ್ತಂತೆ. ಲಾರಿಯವರೂ ನಾಡಿದ್ದಿಂದ ಕೆಲಸ ಶುರು ಅಂದ್ರು.”

ಅಂದರೆ ಉಳಿದದ್ದು ಒಂದು ಬೆಳಿಗ್ಗೆ. ತಂಗಿ ಮತ್ತೊಂದು ಹೊದಿಕೆಯ ತುದಿ ಎಳೆದುಕೊಂಡಳು.

“ಹೋಗಬೇಡ ಅಂತ ನಾನು ಹೇಳ್ತೀನಿ,” ಎಂದಳು ಅಕ್ಕ. “ಕೇಳಿಸೋ ಹಾಗೆ ಹೇಳ್ತಾ ಇದೀನಿ. ಹೋಗಬೇಡ. ಆಯ್ತಾ? ಇನ್ನು ನಿನ್ನಿಷ್ಟ.”

ಮರುದಿನ, ಮೂಡಣದ ಕದ ಇನ್ನೂ ತೆರೆಯುವ ಮೊದಲೇ ಅವನು ಗುಡ್ಡವನ್ನು ಹತ್ತಿ ಇಳಿದು ಬಂಡೆದಂಡೆಯ ಕಂಬದೆದುರು ನಿಂತಿದ್ದ. ಹದಿನೇಳು ದಿನ ತಪ್ಪಿಸಿಕೊಂಡ ಕಂಬ! ಅದರ ಪಟ್ಟೆಗಳ ಮೇಲೆ ಉಪ್ಪು ಕೂತಿತ್ತು. ಅಂಗಿಯ ತುದಿಯಿಂದ ಒರೆಸಿದ. ಮೂವತ್ತು ಅಲೆಗಳನ್ನು ಅಳೆದ. ನಿನ್ನೆಯ ಉಬ್ಬರ ಇಳಿದಿತ್ತು. ಕಡಲು ತನ್ನ ಋತುವಿನ ಕೊನೆಯ ಉಸಿರನ್ನು ಸಮಗತಿಯಲ್ಲಿ ಬಿಡುತ್ತಿತ್ತು.

ಊರಿಗೆ ಬಂದು ಅಂಕಿಗಳನ್ನು ಬರೆಯುವ ಮೊದಲು ಅವನು ಕರಿಹಲಗೆಯ ನೆತ್ತಿಯ ಮೇಲೆ, ಎಲ್ಲರಿಗೂ ಕಾಣುವ ಅಕ್ಷರಗಳಲ್ಲಿ ಬರೆದ: ‘ಕಳೆದ ಹದಿನೇಳು ದಿನಗಳ ಬಂಡೆದಂಡೆಯ ಅಂಕಿಗಳು ಅಳೆದವಲ್ಲ. ನಾನು ಕಲ್ಪಿಸಿ ಬರೆದವು.’ ಅದರ ಕೆಳಗೆ ತನ್ನ ಸಹಿ. ಹೀಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಜನ ಸೇರಿದರು, ಓದಿದರು. ಆಮೇಲೆ ಬೈಗುಳದ ಮಳೆ.

“ನನ್ನ ಹಣೆ ಏನು ನಿಮ್ಮ ಸ್ಲೇಟಾ, ಮೇಷ್ಟ್ರೇ?” ಎಂದು ಗುಂಗುರು ಕೂಗಿದ. ಅವನ ಕೋಪಕ್ಕೆ ಹಕ್ಕಿತ್ತು. ಅಳತೆಗಾರ ತಲೆ ಬಾಗಿಸಿ ನಿಂತ. ಎಲ್ಲರಿಗಿಂತ ಜೋರಾಗಿ ಬೈದವರು ಮಾತ್ರ, ಒಂಬತ್ತಡಿ ಏರಿದೆವೆಂದು ಊರೂರಿಗೆ ಚಿತ್ರ ಕಳುಹಿಸಿದ್ದ ನಾಲ್ವರು.

ಜನ ಸರಿದು ದಾರಿ ಬಿಟ್ಟರು. ಬೋರ್ಡನ್ನು ಬಲಗಡೆಯ ಬಗಲಲ್ಲಿ ಹಿಡಿದು ಅವಳು ಬಂದು ನಿಂತಿದ್ದಳು. ಮೇಲಿನ ಸಾಲನ್ನು ಓದಿದಳು. ಕೆಳಗಿನ ಅಂಕಿಯನ್ನು ಓದಿದಳು. ಬಂಡೆದಂಡೆ: ಆರೂವರೆ.

“ಅಳೆದದ್ದಾ?”

“ಅಳೆದದ್ದು.”

“ನಾನು ನಂಬೋದು ಹೇಗೆ?”

ಈ ಅಂಕಿ ನಿಜವೇ ಆಗಿತ್ತು. ಆದರೆ ಹದಿನೇಳು ಸುಳ್ಳುಗಳ ನಂತರ ಬಂದ ಒಂದು ನಿಜ, ಪರದೇಶದ ನಾಣ್ಯದಂತೆ, ಹೊಳೆದರೂ ಸಲ್ಲುವುದಿಲ್ಲ. ಅವಳ ಆರಡಿಗಿಂತ ಅರ್ಧ ಅಡಿ ಹೆಚ್ಚು. ಅವನು ಇನ್ನೂ ತಡೆಯುತ್ತಿದ್ದಾನೆಯೇ? ಅಥವಾ ಹೆದರಿ ಕಡಿಮೆ ಬರೆದಿದ್ದಾನೆಯೇ? ಸುಳ್ಳಿನ ಕ್ರೌರ್ಯ ಇದೇ ಅಲ್ಲವೇ: ಅದು ಮುಗಿದ ಮೇಲೂ ಮುಗಿಯುವುದಿಲ್ಲ!

“ಮೂವತ್ತರಲ್ಲಿ ಆರು ದಾಟಿದ್ದು ಎಷ್ಟು?” ಎಂದಳು ಅವಳು.

“ಏಳು. ಇಪ್ಪತ್ತಮೂರು ಆರು, ಇಲ್ಲ ಅದಕ್ಕಿಂತ ಕಮ್ಮಿ.”

“ಹಾಗಾದ್ರೆ ಆ ಏಳನ್ನ ಬಿಡ್ತೀನಿ. ನೀರಲ್ಲಿ ಮಲಗಿದವರಿಗೆ ಎಲ್ಲ ಅಲೆಯೂ ಗುಡ್ಡವೇ. ಯಾವುದು ಬಿಡಬೇಕು, ಯಾವುದು ಹಿಡೀಬೇಕು ಅಂತ ನೀನು ಕಂಬದ ಹತ್ತಿರ ನಿಂತು ಹೇಳು. ಒಂಟಿಯಾಗಿ ಕೂತು ಸುಳ್ಳು ಬರೆದೆ. ಈಗ ಬಯಲಲ್ಲಿ ನಿಂತು ನಿಜ ಹೇಳು.”

ಬಂಡೆದಂಡೆಯ ತುದಿಯಲ್ಲಿ, ಕಂಬದ ಪಕ್ಕಕ್ಕೆ, ಕಡಲೊಳಗೆ ಚಾಚಿದ ಎತ್ತರದ ಬಂಡೆಯ ಮೇಲೆ ಅವನು ನಿಂತ. ಕಂಬವನ್ನು ದಾಟಿದ ಅಲೆ ಅವಳನ್ನು ತಲುಪಲು ಎಂಟು ಸೆಕೆಂಡು. ಆರನ್ನು ಮೀರಿದರೆ ಎರಡೂ ಕೈ ಮೇಲೆತ್ತಬೇಕು. ಮೀರದಿದ್ದರೆ ಒಂದು ಕೈಯನ್ನು ದಡದತ್ತ ಚಾಚಬೇಕು. ಅವನ ಸನ್ನೆ ನೋಡಿದ ಮೇಲೆ ಅವಳು ಅಲೆಗೆ ಬೆನ್ನು ಕೊಟ್ಟು ಈಜಬೇಕು. ಬೆನ್ನ ಹಿಂದೆ ಏನು ಏಳುತ್ತಿದೆಯೆಂದು ತಿರುಗಿ ನೋಡಲು ಆಮೇಲೆ ಸಮಯವಿರುವುದಿಲ್ಲ. ಗುಡ್ಡದ ಇಳಿಜಾರಿನಲ್ಲಿ ಊರಿನ ಜನ. ಅವರ ನಡುವೆ, ಸೆರಗಿನ ತುದಿ ಕಚ್ಚಿ ಹಿಡಿದ ಅಕ್ಕ.

ಮೊದಲನೆಯದು ಏಳೂವರೆ. ಎರಡೂ ಕೈ ಮೇಲೆ. ಅವಳು ಬಿಟ್ಟಳು. ಎರಡನೆಯದೂ ಹಾಗೆಯೇ. ಮೂರನೆಯದು ನಾಲ್ಕೂವರೆ, ಒಂದು ಕೈ ಚಾಚಿತು. ಅದು ಚಿಕ್ಕದೆಂದು ಅವಳೇ ಬಿಟ್ಟಳು. ಆಗ ನಾಲ್ಕನೆಯದು ಬಂತು...

ದೂರದಿಂದಲೇ ಅದರ ಬೆನ್ನು ಬೇರೆ. ಉದ್ದಕ್ಕೆ ಒಂದೇ ಮಟ್ಟ. ಎಲ್ಲಿಯೂ ಬಿರುಕಿಲ್ಲದ ಹರಿನ್ನೀಲ. ಅದರ ಒಡಲೊಳಗೆ ಬಾಲಸೂರ್ಯನ ಬೆಳಕು ಹಣತೆಯಂತೆ ಹೊತ್ತಿತ್ತು. ಕಂಬವನ್ನು ಅದು ಅಪ್ಪಿತು. ನೀರು ಆರನೆಯ ಪಟ್ಟೆಯ ಅಂಚಿಗೆ ಮುಟ್ಟಿ ನಿಂತಿತು; ಅದರ ಮೇಲೆ ಒಂದು ಗೇಣು ನೊರೆ. ನೊರೆಯನ್ನು ಅಳತೆಗೆ ಸೇರಿಸಬಾರದು, ಅದು ಅವನೇ ಮಾಡಿದ ನಿಯಮ. ಆದರೆ ಸೇರಿಸಿದರೆ? ಆರೂ ಮುಕ್ಕಾಲು! ಎರಡೂ ಕೈ ಎತ್ತಿಬಿಟ್ಟರೆ ಕೇಳುವವರಾರು? ದಡದಿಂದ ಯಾರಿಗೂ ಕಾಣದು, ಅವಳಿಗೂ ಕಾಣದು, ಕಂಬದ ಮೇಲಿನ ಗುರುತೂ ಮರುಕ್ಷಣಕ್ಕೆ ಅಳಿಯುತ್ತದೆ. ಅವನ ಮೈಯ ಒಂದೊಂದು ನರವೂ ಎರಡು ಕೈಗಳನ್ನೂ ಮೇಲಕ್ಕೆಳೆಯಿತು. ಮುರಿದ ಭುಜದ, ನೆತ್ತರು ಬೆರೆತ ನೀರಿನ, ತನ್ನ ತೋಳಿನಲ್ಲಿ ಜೋತುಬಿದ್ದ ಆ ಹಳೆಯ ಭಾರದ ನೆನಪು ಅವನ ಮೊಣಕೈಗಳನ್ನು ಹಿಡಿದು ಜಗ್ಗಿತು...

ಅವನು ಒಂದು ಕೈಯನ್ನು ಚಾಚಿದ.

ಅವಳು ನೋಡಿದಳು. ಎಂಟು ಸೆಕೆಂಡಿನಲ್ಲಿ ಒಂದನ್ನು ಅವನ ಮುಖ ನೋಡಲು ಕಳೆದಳು. ಬಳಿಕ ಅಲೆಗೆ ಬೆನ್ನು ಕೊಟ್ಟು, ಎರಡೂ ತೋಳುಗಳಿಂದ ನೀರನ್ನು ಸೀಳಿದಳು. ಬೋರ್ಡಿನ ಬಾಲ ಮೇಲೆದ್ದಿತು, ಲೋಕ ಒಮ್ಮೆಲೇ ಓರೆಯಾಯಿತು, ಅವಳು ನಿಂತಳು! ಹಿಂದೆ ಮುರಿಯುತ್ತ ಬರುವ ಗರ್ಜನೆ, ಮುಂದೆ ಇನ್ನೂ ಮುರಿಯದ ಮರಕತದ ಗೋಡೆ, ಅದರ ಮೇಲೆ ಎಳೆದ ಒಂದು ಗೆರೆಯಂತೆ ಅವಳು. ಎಡಗೈಯ ಬೆರಳುಗಳು ನೀರಿನ ಗೋಡೆಯನ್ನು ಸವರುತ್ತ ಹೋದವು. ಸಿಟ್ಟು ಅವಳೊಂದಿಗೆ ಅಲೆಯ ಮೇಲೂ ನಿಂತಿತ್ತು. ಕಾಲುಗಳಿಗೆ ಬಲ ಕೊಟ್ಟದ್ದು ಅದೇ. ಬಂಡೆಗಳ ಕೊನೆಯ ಸಾಲಿನ ಬಳಿ ಅಲೆ ಒಡೆದಾಗ ಅವಳೂ ಉರುಳಿದಳು, ಮಂಡಿ ತರಚಿತು, ಎದ್ದಳು. ಗುಡ್ಡದ ಮೇಲೆ ಗುಂಗುರು ಹೊಲಿಗೆ ಮರೆತು ಶಿಳ್ಳೆ ಹೊಡೆದ.

ಬಂಡೆಗಳ ಮೇಲೆ ಕಾಲಿಡುತ್ತ ಅವಳು ಕಂಬದ ಹತ್ತಿರಕ್ಕೆ ಬಂದಳು. ಕಣ್ಣುಗಳಿಂದ ಇಳಿಯುತ್ತಿದ್ದುದು ಕಡಲೋ ಕಣ್ಣೀರೋ ಹೇಳುವುದು ಕಷ್ಟ. ಎರಡಕ್ಕೂ ರುಚಿ ಒಂದೇ.

“ಎಷ್ಟಿತ್ತು?”

“ಆರು. ಮೇಲೆ ಒಂದು ಗೇಣು ನೊರೆ.”

“ನೊರೆ ಸೇರಿಸಬಹುದಿತ್ತು.”

“ಸೇರಿಸಬಹುದಿತ್ತು.”

ಅವಳ ನೋಟ ಕಂಬದಿಂದ ಅವನ ತೋಳುಗಳಿಗೆ ಇಳಿಯಿತು. ಅವನ ಮೊಣಕೈಗಳು ಇನ್ನೂ ನಡುಗುತ್ತಿದ್ದವು.

“ನನ್ನ ಕೋಪ ಇಳಿದಿಲ್ಲ,” ಎಂದಳು.

“ಇಳೀಲಿ ಅಂತ ನಾನು ಕೇಳ್ತಾ ಇಲ್ಲ.”

“ಕೇಳಲೂ ಬೇಡ. ಇನ್ನೂ ಎರಡು ಗಂಟೆ ನೀರು ಚೆನ್ನಾಗಿರುತ್ತೆ. ನಿಂತಲ್ಲೇ ನಿಲ್ಲು.”

ಬೋರ್ಡನ್ನು ನೀರಿಗಿಟ್ಟು ಅವಳು ಮತ್ತೆ ಹೊರಟಳು. ಅವನು ನಿಂತಲ್ಲೇ ನಿಂತ. ಆ ಎರಡು ಗಂಟೆಗಳಲ್ಲಿ ಅವನು ಎಷ್ಟು ಸಲ ಎರಡು ಕೈಗಳನ್ನೆತ್ತಿದ, ಎಷ್ಟು ಸಲ ಒಂದನ್ನು ಚಾಚಿದ ಎಂದು ಯಾರೂ ಬರೆದಿಡಲಿಲ್ಲ. ಒಂದು ಸಲವೂ ತಪ್ಪಾಗಿ ಎತ್ತಲಿಲ್ಲ. ಪ್ರತಿ ಸನ್ನೆಗೂ ಅವನ ಎದೆ ಒಂದಿಷ್ಟು ಹರಿಯಿತು. ಪ್ರತಿ ಸಲವೂ ಅವಳು ಬೆನ್ನು ಕೊಟ್ಟಳು.

ಸಹೃದಯರೇ, ಕೋಪವು ಅನುರಾಗದ ವೈರಿಯೆಂದು ಎಣಿಸುವವರುಂಟು. ಅವರು ಎರಡನ್ನೂ ಸಮೀಪದಿಂದ ಅಳೆದು ನೋಡಿದವರಲ್ಲ. ಅಪರಿಚಿತನ ಸುಳ್ಳಿಗೆ ನಾವು ಹುಬ್ಬು ಗಂಟಿಕ್ಕಿ ಮುಂದೆ ನಡೆಯುತ್ತೇವೆ. ಯಾರ ಮಾತಿನ ಮೇಲೆ ಮೈಯ ಭಾರವನ್ನೆಲ್ಲ ಹಾಕಿ ನಿಂತಿದ್ದೆವೋ ಅವರ ಸುಳ್ಳಿಗೆ ಮಾತ್ರ ನಮ್ಮ ರಕ್ತ ಹೀಗೆ ಉರಿಯುತ್ತದೆ. ಪ್ರಿಯರನ್ನು ಅಪಾಯದಿಂದ ಮರೆಮಾಡುವ ಮೃದುಹಸ್ತ ಲೋಕದಲ್ಲಿ ಸುಲಭವಾಗಿ ದೊರಕುತ್ತದೆ... ಅಪಾಯ ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ, ಇದಕ್ಕಿಂತ ಕಡಿಮೆಯೂ ಇಲ್ಲ ಎಂದು ನಡುಗುತ್ತಲೇ ತೋರಿಸಿ, ಆಯ್ಕೆಯನ್ನು ಅವರಿಗೇ ಬಿಟ್ಟು, ತೀರದಲ್ಲಿ ನಿಂತು ನೋಡುವ ಕೈ ಎಷ್ಟು ವಿರಳ! ಒಮ್ಮೆ ಸುಳ್ಳು ಬರೆದ ಅಂಥ ಕೈಯನ್ನು ಕ್ಷಮಿಸಲು ಹೃದಯಕ್ಕೆ ಒಂದು ಆಯುಷ್ಯ ಹಿಡಿದೀತು. ಆದರೆ ಕ್ಷಮಿಸುವ ಮೊದಲೇ ಅದನ್ನು ನಂಬಲು ತೊಡಗುವ ವಿಚಿತ್ರ ಔದಾರ್ಯವೂ ಅದೇ ಹೃದಯಕ್ಕೆ ಉಂಟು.